ಒಡಕಿಲ್ಲದ ಮೊಟ್ಟೆ

ಡ್ರಮ್ಮಿನ ಮುಚ್ಚಳ ತೆಗೆದು ಮೂಸಿದ ಕೂಡಲೇ ಅಕ್ಕನಿಗೆ ಗೊತ್ತಾಯಿತು, ಇದು ತನ್ನ ಪುಡಿಯಲ್ಲ. ಬಣ್ಣ ಅದೇ. ವಾಸನೆ ಬೇರೆ.

ಠಾಣೆಗೆ ಫೋನ್ ಬಂದಾಗ ನಾನು ಆಗತಾನೇ ಕಾಫಿ ಲೋಟ ಬಾಯಿಗಿಟ್ಟಿದ್ದೆ. "ಜೀಪ್ ತೆಗೀರಿ," ಅಂದರು ಇನ್‌ಸ್ಪೆಕ್ಟರ್ ಮೇಡಂ. ಕಾನ್‌ಸ್ಟೇಬಲ್ ಹಣೆಬರಹವೇ ಇಷ್ಟು.

ಅದು ಮೊಟ್ಟೆ ಕೋಳಿ ಫಾರಂ. ಅದರ ಒಡತಿ ಎಲ್ಲರಿಗೂ ಅಕ್ಕ. ಹಾಗಾಗಿ ಆಕೆಯ ಗಂಡ ಎಲ್ಲರಿಗೂ ಭಾವ. ಚೆಂಡುಹೂವಿನ ಎಸಳು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒಣಗಿಸಿ ಪುಡಿ ಮಾಡಿ ಕೋಳಿ ಆಹಾರಕ್ಕೆ ಬೆರೆಸುತ್ತಾಳೆ ಅಕ್ಕ. ಅದರಿಂದಲೇ ಅವಳ ಮೊಟ್ಟೆಯ ಹಳದಿಗೆ ಕಿತ್ತಳೆ ಬಣ್ಣ, ಫಾರಂಗೆ ಹೆಸರು. ಮೆಣಸಿನಕಾಯಿ ತಿಂದರೂ ಕೋಳಿಗೆ ಖಾರ ಹತ್ತುವುದಿಲ್ಲವಂತೆ. ನನ್ನ ಹೆಂಡತಿಯ ಅಡುಗೆ ತಿಂದು ತಿಂದು ನಾನೂ ಹಾಗೇ ಆಗಿದ್ದೇನೆ.

"ಇಡೀ ಡ್ರಮ್ ಬದಲಾಗಿದೆ ಮೇಡಂ," ಅಂದಳು ಅಕ್ಕ. "ತೌಡಿಗೆ ಅರಿಶಿನ ಕಲಸಿ ತುಂಬಿಟ್ಟಿದ್ದಾರೆ. ಮಗಳ ಹೆರಿಗೆಗೆ ಅಂತ ಐದಾರು ದಿನದ ಹಿಂದೆ ಹೋಗಿದ್ದೆ. ಮೊನ್ನೆ ಸಂಜೆ ಬಂದೆ, ಡ್ರಮ್ ತೆಗೆದಿದ್ದು ಇವತ್ತೇ."

"ಯಾರ ಮೇಲಾದರೂ ಅನುಮಾನ?"

ಅಕ್ಕ ಬಾಯಿ ಬಿಡುವ ಮೊದಲೇ ಭಾವ ಬಿಟ್ಟ. "ಅನುಮಾನ ಏನು ಬಂತು? ಪುಡಿ ಮೂಟೆ ಸಿಕ್ಕಿದ್ದೇ ಅವನ ಮಂಚದ ಕೆಳಗೆ!"

ಅವನು ಅಂದರೆ ಅಕ್ಕನ ತಮ್ಮ. ಮೀಸೆ ಚಿಗುರುವ ವಯಸ್ಸಿನಲ್ಲಿ ಇದೇ ಫಾರಂನ ಮೂಟೆಗಳನ್ನು ಕದ್ದು ಮಾರಿ ಓಡಿಹೋಗಿದ್ದನಂತೆ. ಎಲ್ಲೆಲ್ಲೋ ಲಾರಿ ಓಡಿಸಿಕೊಂಡಿದ್ದ. ಈಗ ತಲೆ ನರೆತಿದೆ. ಮೊನ್ನೆ ಅಕ್ಕನೇ ಜೊತೆಗೆ ಕರೆತಂದಿದ್ದಳು. ಇನ್ನು ಇಲ್ಲೇ ಇರು, ಪುಡಿ ಕೋಣೆ ನೀನೇ ನೋಡಿಕೋ ಅಂದಿದ್ದಳು.

"ನಾನಲ್ಲ," ಅಂದ ಅವನು. "ಆದ್ರೆ ನಾನು ಹೇಳಿದ್ರೆ ಯಾರು ನಂಬ್ತಾರೆ?"

ಅಕ್ಕ ಅವನ ಮುಖ ನೋಡಲಿಲ್ಲ. "ಬೆಳಿಗ್ಗೆಯಿಂದ ಅವನಿಗೆ ಒಂದು ತುತ್ತೂ ಹಾಕಿಲ್ಲ ಮೇಡಂ. ಕೈ ಬರಲಿಲ್ಲ. ದೂರು ಬರ್ಕೊಳ್ಳಿ."

ಬರೆದುಕೊಂಡೆ. ತಮ್ಮನನ್ನು ಜೀಪಿನಲ್ಲಿ ಕೂರಿಸಿದೆ. ಕೇಸು ಮುಗಿಯಿತು, ಇನ್ನು ಕಾಫಿ ಅಂದುಕೊಂಡೆ. ಮೇಡಂ ಪುಡಿ ಕೋಣೆಯಿಂದ ಹೊರಗೇ ಬರಲಿಲ್ಲ.

*

ಕಿಟಕಿಯ ಒಂದು ಸರಳು ಸಡಿಲವಾಗಿತ್ತು. ನನ್ನ ಎದೆ ಉಬ್ಬಿತು.

"ಮೇಡಂ, ಇಲ್ಲಿಂದ ನುಗ್ಗಿದ್ದಾರೆ!"

"ಜೇಡರ ಬಲೆ ಹರಿದಿದೆಯೇನ್ರೀ?"

ಹರಿದಿರಲಿಲ್ಲ. ಉಬ್ಬಿದ ಎದೆ ಇಳಿಯಿತು.

"ಬೀಗದ ಕೈ ಎಷ್ಟಿವೆ?"

"ಒಂದೇ. ನನ್ನ ಹತ್ರಾನೇ ಇರುತ್ತೆ," ಅಂದಳು ಅಕ್ಕ.

"ರಾತ್ರಿ ಮೊಳೆಗೆ ನೇತುಹಾಕ್ತಾಳೆ," ಅಂದ ಭಾವ. "ಅವನು ಎತ್ಕೊಂಡಿರ್ತಾನೆ, ಇನ್ನೇನು."

ಮೇಡಂ ತಲೆಯಾಡಿಸಿದರು. "ಅಮ್ಮಾ, ಈ ಪುಡಿ ಏನು ಕೆಲಸ ಮಾಡುತ್ತೆ ಅಂತ ಕಣ್ಣಾರೆ ನೋಡಬೇಕು. ಒಂದು ಮೊಟ್ಟೆ ಬೇಯಿಸಿ."

ಅಕ್ಕ ಮೂಲೆಯ ಬುಟ್ಟಿಗೆ ಕೈ ಹಾಕಿದಳು. ಅದರಲ್ಲಿ ಇದ್ದದ್ದೆಲ್ಲ ಸಿಪ್ಪೆ ಬಿರಿದ ಮೊಟ್ಟೆ. "ನಮ್ಮನೇಲಿ ಒಡಕು ಮೊಟ್ಟೆ ಮಾತ್ರ ತಿನ್ನೋದು. ಒಳ್ಳೇದೆಲ್ಲ ಮಾರೋಕೆ."

"ಬೇಡ. ಇವತ್ತು ಇಟ್ಟಿದ್ದು, ಒಡಕಿಲ್ಲದ್ದು ಕೊಡಿ."

"ಟ್ರೇ ಲೆಕ್ಕ ತಪ್ಪುತ್ತೆ ಮೇಡಂ!" ಅಂದ ಭಾವ.

"ತಪ್ಪಲಿ ಬಿಡಿ."

ಮೊಟ್ಟೆ ಬೆಂದಿತು. ಅಕ್ಕ ಸಿಪ್ಪೆ ಸುಲಿದು ಎರಡು ಹೋಳು ಮಾಡಿದಳು. ಹಳದಿಯ ನಡುಭಾಗ ಕಡು ಕಿತ್ತಳೆ. ಅದರ ಸುತ್ತ ದಪ್ಪನೆಯ ಪೇಲವ ಬಳೆ. ಚಾಕು ಹಿಡಿದ ಕೈ ಹಾಗೇ ನಿಂತಿತು.

"ಅಯ್ಯೋ ದೇವರೇ," ಅಂದಳು.

"ಏನಮ್ಮಾ?"

"ಹಳದಿ ಒಂದೇ ದಿನಕ್ಕೆ ತುಂಬಲ್ಲ ಮೇಡಂ. ಕೋಳಿ ಹೊಟ್ಟೇಲಿ ಪದರ ಪದರವಾಗಿ ಬೆಳೆಯುತ್ತೆ. ಆಯಾ ದಿನ ತಿಂದಿದ್ದು ಆಯಾ ಪದರಕ್ಕೆ. ನಡುವೆ ಇರೋದು ನನ್ನ ಪುಡಿ. ಸುತ್ತ ಬಿಳಿಚಿಕೊಂಡಿರೋದು ಈ ತೌಡು. ಅರಿಶಿನ ಕೈಗೆ ಹತ್ತುತ್ತೆ, ಹಳದಿಗೆ ಹತ್ತಲ್ಲ."

"ಮೊನ್ನೆ ರಾತ್ರಿ ಬದಲಾಯಿಸಿದ್ದರೆ?"

"ಇವತ್ತಿನ ಮೊಟ್ಟೇಲಿ ಕೂದಲೆಳೆಯಷ್ಟೂ ಕಾಣ್ತಿರಲಿಲ್ಲ. ಇಷ್ಟು ದಪ್ಪ ಆಗೋಕೆ ನಾಲ್ಕೈದು ದಿನ ಬೇಕೇ ಬೇಕು."

"ಆಗ ನೀವು ಮಗಳ ಮನೇಲಿ. ನಿಮ್ಮ ತಮ್ಮ ಇನ್ನೂ ಬಂದೇ ಇರಲಿಲ್ಲ. ಬೀಗದ ಕೈ ಯಾರ ಹತ್ರ ಇತ್ತು?"

ಅಕ್ಕ ನಿಧಾನವಾಗಿ ತಿರುಗಿ ಗಂಡನನ್ನು ನೋಡಿದಳು.

*

"ಒಂದು ಮೊಟ್ಟೆ ನೋಡಿ ಕೇಸ್ ಹಾಕ್ತೀರಾ?" ಭಾವ ದನಿ ಏರಿಸಿದ.

"ಬೇಕಾದ್ರೆ ಟ್ರೇ ಪೂರ್ತಿ ಬೇಯಿಸೋಣ," ಅಂದರು ಮೇಡಂ, ಉಪ್ಪು ಉದುರಿಸಿಕೊಳ್ಳುತ್ತಾ. "ಬರುವಾಗ ತಮ್ಮನನ್ನ ಕರ್ಕೊಂಡು ಬರ್ತೀನಿ, ಪುಡಿ ಕೋಣೆ ಇನ್ನು ಅವನಿಗೇ ಅಂತ ಇವರು ಹೋಗುವಾಗಲೇ ಹೇಳಿದ್ರು, ಅಲ್ವೇ? ಇವರು ಆಚೆ ಹೋಗಿದ್ದೇ ತಡ, ನೀವು ಡ್ರಮ್ ಬದಲಾಯಿಸಿ ಮೂಟೆ ಅಡಗಿಸಿದ್ರಿ. ಆಮೇಲೆ ಕೆಲಸದವರ ಕಣ್ಣೆದುರು ಆ ಮೂಟೆ ಬಿಚ್ಚೋ ಹಾಗಿಲ್ಲ. ಅದಕ್ಕೇ ದಿನಾ ಈ ತೌಡನ್ನೇ ಬೆರೆಸಿದ್ರಿ. ಭಾವಮೈದುನ ಬಂದ ಮೇಲೆ ಮೂಟೆ ಅವನ ಮಂಚದ ಕೆಳಗೆ. ಮೊಟ್ಟೆ ಮಾರೋ ಮನೇಲಿ ಒಳ್ಳೆ ಮೊಟ್ಟೆ ಒಡೆದು ನೋಡೋರು ಯಾರು ಅನ್ನೋ ಧೈರ್ಯ ನಿಮಗೆ."

ಭಾವನ ದನಿ ಒಡೆಯಿತು. "ಇಷ್ಟು ವರ್ಷ ಇಲ್ಲಿ ಕತ್ತೆ ಥರ ದುಡಿದೋನು ನಾನು. ಆ ಕೋಣೆ ನೀನೇ ನೋಡ್ಕೋ ಅಂತ ನನಗೆ ಒಂದು ಮಾತು ಅಂದಿಲ್ಲ ಇವಳು. ಕಳ್ಳನಿಗೆ ಕೊಡ್ತಾಳಂತೆ, ಕಳ್ಳನಿಗೆ!"

ಶೆಡ್ಡಿನ ಕಡೆಯಿಂದ ಕೋಳಿಗಳ ಗದ್ದಲ ಕೇಳುತ್ತಿತ್ತು.

"ಮನೆ ವಿಷಯ ಅಮ್ಮಾ," ಅಂದರು ಮೇಡಂ. "ದೂರು ಹರಿದು ಹಾಕ್ಲಾ?"

ಅಕ್ಕ ಜೀಪಿನ ಕಡೆ ನೋಡಿದಳು.

"ಹರೀಬೇಡಿ. ಹೆಸರು ಬದಲಾಯಿಸಿ."

ನಾನು ಜೀಪಿನ ಬಾಗಿಲು ತೆರೆದೆ. ತಮ್ಮ ಇಳಿಯಲಿಲ್ಲ.

"ನೀನೂ ನಂಬಿಬಿಟ್ಟೆಯಲ್ಲ ಅಕ್ಕಾ."

"ನಂಬಿಬಿಟ್ಟೆ ಕಣೋ. ತಪ್ಪಾಯ್ತು." ಬೀಗದ ಕೈ ಅವನ ಮುಂದೆ ಹಿಡಿದಳು.

ಅವನು ಮುಟ್ಟಲಿಲ್ಲ. ಕೆಳಗಿಳಿದ. "ಅದು ಆಮೇಲೆ. ಹೊಟ್ಟೆ ಹಸೀತಿದೆ."

ಅಕ್ಕ ಕಣ್ಣೊರೆಸಿಕೊಂಡು ಒಳಗೆ ಓಡಿದಳು. ಒಡಕಿನ ಬುಟ್ಟಿಯನ್ನು ತಿರುಗಿಯೂ ನೋಡಲಿಲ್ಲ. ಮಾರುವ ಟ್ರೇಯಿಂದ ಎರಡೂ ಕೈತುಂಬ ಒಳ್ಳೆ ಮೊಟ್ಟೆ ಎತ್ತಿಕೊಂಡು ಒಲೆ ಹಚ್ಚಿದಳು.