ತಣ್ಣೀರ ಗೆರೆ ಹುಡುಕ್ಕೊಂಡು

"ಮಾವ, ಇವತ್ತೂ ಮೀನು ಸಿಗ್ಲಿಲ್ಲ ಅಂದ್ರೆ ನನ್ನ ಮ್ಯಾಪು ಒಲೆ ಹಚ್ಚೋಕಷ್ಟೇ ಲಾಯಕ್ಕು!"

"ಬಾಯ್ಮುಚ್ಕೊಂಡು ಬೋಟು ಹತ್ತು," ಅಂದ ಕ್ಯಾಪ್ಟನ್ ಮಾವ.

ಸ್ಯಾಟಲೈಟ್ ಕಳಿಸೋ ಮಾಹಿತಿ ಹಿಡಿದು ಸಮುದ್ರದ ಬಿಸಿ-ತಂಪಿನ ಮ್ಯಾಪು ಮಾಡೋದು ಸೊಸೆ ಕೆಲಸ. ಬಿಸಿನೀರು, ತಣ್ಣೀರು ಸೇರೋ ಗೆರೇಲಿ ಮೀನು ಗುಂಪು ಕಟ್ಟುತ್ತೆ. ಗೆರೆ ಮಾತ್ರ ಒಂದೇ ಕಡೆ ನಿಲ್ಲಲ್ಲ. ಹತ್ತಿರ ಹೋಗಿ ಥರ್ಮಾಮೀಟರ್ ಇಳಿಬಿಟ್ಟು ಪಕ್ಕಾ ಮಾಡ್ಕೋಬೇಕು. ಹೋದ ಎರಡು ಸಲ ಬೋಟಿನವರು ಗೆರೆ ಕಾಣದೆ ಖಾಲಿ ಬಂದಿದ್ರು. ಬಂದರಲ್ಲಿ ಅವಳಿಗೆ ‘ಮ್ಯಾಪಮ್ಮ’ ಅಂತ ಹೆಸರೂ ಬಿದ್ದಿತ್ತು. ಇವತ್ತೂ ಕೈಕೊಟ್ರೆ ಆಫೀಸಿನವರು ಈ ಕೆಲಸಕ್ಕೇ ಬೀಗ ಹಾಕ್ತಾರೆ.

ದಡ ಮರೆಯಾಯ್ತು. ಹಸಿರು ನೀರು ಮೆಲ್ಲಗೆ ನೀಲಿಗೆ ತಿರುಗ್ತು, ಆಕಾಶ ಎಲ್ಲಿ ಮುಗೀತು ಅನ್ನೋದೇ ತಿಳೀದಷ್ಟು ನೀಲಿ. ಮ್ಯಾಪು ತೋರಿಸಿದ ಜಾಗ ಬಂತು. ಇಂಜಿನ್ ಮೆಕ್ಯಾನಿಕ್ ಗ್ರೀಸಪ್ಪ ಬೋಟಿನ ಪಕ್ಕದ ಕೊಕ್ಕೆಗೆ ಥರ್ಮಾಮೀಟರ್ ಕಟ್ಟಿ ಇಳಿಬಿಟ್ಟ.

"ಬಿಸಿ."

ಮುಂದೆ ಹೋದ್ರು. ಬಿಸಿ. ತಿರುಗಿ ಬಂದ್ರು. ಬಿಸಿ!

"ಮೇಡಂ, ನಿಮ್ ಸ್ಯಾಟಲೈಟ್‌ಗೆ ಜ್ವರ ಬಂದಿರ್ಬೇಕು," ಅಂದ ಗ್ರೀಸಪ್ಪ.

ಅಷ್ಟರಲ್ಲಿ ಗಾಳಿ ಎದ್ದಿತು. ಇಂಜಿನ್ ಕೆಮ್ಮಿತು. ನಿಂತಿತು.

ಅಲೆ ಪಕ್ಕಕ್ಕೆ ಅಪ್ಪಳಿಸ್ತು. ಬೋಟು ವಾಲಿತು.

"ಗ್ರೀಸೂ!"

"ನೀರೆಳೆಯೋ ಪೈಪಿಗೆ ಪ್ಲಾಸ್ಟಿಕ್ ಕವರ್ ಸಿಕ್ಕಿದೆ! ವಿಲನ್ ಎಂಟ್ರಿ ಆಯ್ತು, ಹೀರೋ ಬಂದ ತಡೀರಿ!" ಅವನು ಇಂಜಿನ್ ಗುಂಡಿಗೆ ಧುಮುಕಿದ.

ಸೊಸೆ ಕಟಕಟೆ ತಬ್ಬಿ ಹಿಡಿದಳು. ಕಣ್ಣು ಥರ್ಮಾಮೀಟರ್ ಮೇಲೆ ಬಿತ್ತು.

"ಮಾವ! ಇಳೀತಿದೆ!"

"ಅಯ್ಯೋ, ಬೋಟಾ?"

"ಅಲ್ಲ, ಬಿಸಿ! ನೀರು ತಣ್ಣಗಿದೆ!"

ಇಂಜಿನ್ನನ್ನ ತಂಪು ಮಾಡಿ ಬಿಸಿಯಾದ ನೀರು ಹೊರಗೆ ಬೀಳೋ ತೂತು ಆ ಕೊಕ್ಕೆ ಕೆಳಗೇ ಇತ್ತು. ಇಂಜಿನ್ ನಿಂತಾಗ ಆ ಬಿಸಿನೀರೂ ನಿಂತಿತ್ತು. ಇಷ್ಟೊತ್ತು ಥರ್ಮಾಮೀಟರಿಗೆ ಸ್ನಾನ ಮಾಡಿಸ್ತಿದ್ರು!

"ಕೊಕ್ಕೆ ಇತ್ತು, ಕಟ್ದೆ," ಗ್ರೀಸಪ್ಪ ಕವರ್ ಹಿಡ್ಕೊಂಡು ತಲೆ ಎತ್ತಿದ.

"ಎಲ್ಲಾ ಬೋಟಲ್ಲೂ ಕೊಕ್ಕೆ ಅಲ್ಲೇ ಇರೋದು ಕಣೋ," ಅಂದ ಮಾವ. "ಹಂಗಾದ್ರೆ ಹೋದ ಎರಡು ಸಲಾನೂ ಇದೇ ಆಗಿದ್ದು!" ಅಂದಳು ಸೊಸೆ.

ಇಂಜಿನ್ ಗುಡುಗಿತು. ಬೋಟು ಅಲೆಗೆ ಎದುರಾಗಿ ತಿರುಗಿತು. ಥರ್ಮಾಮೀಟರ್ ಬಿಸಿನೀರು ಬೀಳದ ಕಡೆ ಹೋಯ್ತು, ಗೆರೆ ಸಿಕ್ತು, ಬಲೆ ಇಳೀತು. ಮೂವರೂ ಸೇರಿ ಎಳೆದ್ರು. ಬಲೆ ತುಂಬ ಬೆಳ್ಳಿ ಬೆಳ್ಳಿ ಮೀನು. ಸೊಸೆ ಹಗ್ಗದ ರಾಶಿ ಮೇಲೆ ಕುಸಿದು, ನಕ್ಕು, ಮೂಗೊರೆಸ್ಕೊಂಡಳು.

ಬಂದರಲ್ಲಿ ಪಕ್ಕದ ಬೋಟಿನವನು ಕೂಗಿದ: "ಏನ್ ಮ್ಯಾಪಮ್ಮ, ಖಾಲೀನಾ?"

ಮಾವ ಮೀನಿನ ಮೇಲಿನ ಟಾರ್ಪಾಲು ಎತ್ತಿ ತೋರಿಸಿದ.

ಪಕ್ಕದ ಬೋಟಿನವನು ಬಗ್ಗಿ ನೋಡಿದ. ಮೆತ್ತಗೆ, "ನಾಳೆ ಮ್ಯಾಪು ನಂಗೂ ಕೊಡ್ತೀಯೇನಮ್ಮಾ?" ಅಂದ.

"ಕೊಡ್ತೀನಣ್ಣ. ಮೊದ್ಲು ಹೇಳಿ, ನಿಮ್ ಬೋಟಲ್ಲಿ ಬಿಸಿನೀರು ಯಾವ ಕಡೆ ಬೀಳುತ್ತೆ?"