ಬಟನ್ ಬರುವವರೆಗೆ

ವರ್ಗಾವಣೆ ಕೇಳಿದವರ ಪಟ್ಟಿಯಲ್ಲಿ ಅವಸರಪ್ಪನ ಹೆಸರು ಕಂಡಾಗ ಅವಳು ಗಡಿಯಾರ ನೋಡಿದಳು. ಅರ್ಜಿ ಹಿಂಪಡೆಯಲು ಇವತ್ತು ಸಂಜೆ ಐದರವರೆಗೆ ಮಾತ್ರ ಅವಕಾಶ. ಐದಕ್ಕೆ ಇನ್ನು ಇಪ್ಪತ್ತೇ ನಿಮಿಷ.

ಅವಸರಪ್ಪ ಎಂಬುದು ಆಫೀಸಿನವರೆಲ್ಲ ಸೇರಿ ಇಟ್ಟ ಹೆಸರು. ಅವಳು ವೆಬ್ ಪುಟಗಳನ್ನು ಕಟ್ಟುವವಳು, ಅವನು ಅವುಗಳನ್ನು ಪರೀಕ್ಷಿಸುವ ಟೆಸ್ಟರ್. ತಾನಾಗಿಯೇ ಬ್ರೌಸರ್ ತೆರೆದು, ತಾನಾಗಿಯೇ ಬಟನ್ ಒತ್ತುವ ಸ್ಕ್ರಿಪ್ಟ್ ಬರೆಯುತ್ತಾನೆ. ಆ ಸ್ಕ್ರಿಪ್ಟ್ ಐದು ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಪುಟ ಪೂರ್ತಿ ಬರದಿದ್ದರೆ ಕೆಂಪು ಅಕ್ಷರದಲ್ಲಿ ‘ಫೇಲ್’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಎರಡು ವರ್ಷದಿಂದ ಇದೇ ಜಗಳ.

"ನಿನ್ನ ಪುಟ ಬಸವನಹುಳು ಕಣೇ."

"ನಿನ್ನ ಸ್ಕ್ರಿಪ್ಟಿಗೆ ತಾಳ್ಮೆ ಅನ್ನೋದೇ ಇಲ್ಲ, ನಿನ್ ಥರಾನೇ!"

ಜಗಳವಾಡುತ್ತಲೇ ಅವಳು ಮನಸ್ಸು ಕೊಟ್ಟುಬಿಟ್ಟಿದ್ದಳು. ಬೈಯುವಾಗ ಅವಳ ನಾಲಿಗೆಗೆ ಲಂಗುಲಗಾಮಿಲ್ಲ. ಆದರೆ ಮನಸ್ಸಿನ ಮಾತು ಬಂದರೆ ಸಾಕು, ಚಿಕ್ಕಂದಿನ ತೊದಲು ಗಂಟಲಿಗೆ ಅಡ್ಡ ನಿಲ್ಲುತ್ತಿತ್ತು. ಅಮ್ಮನನ್ನು ಬಿಟ್ಟು ಯಾರಿಗೂ ಅದು ಗೊತ್ತಿರಲಿಲ್ಲ.

ಸೋಮವಾರ ಮೆಟ್ಟಿಲ ಮೇಲೆ ಅವನು ಕೇಳಿದ್ದ. "ನನ್ನ ಜೊತೆ ಬಾಳ್ತೀಯಾ?"

ಉತ್ತರ ತುಟಿಯವರೆಗೆ ಬಂದು ಅಲ್ಲೇ ನಿಂತಿತು. ಅವನು ಒಂದು ಗಳಿಗೆ ಅವಳ ಮುಖ ನೋಡಿ, "ಹೋಗ್ಲಿ ಬಿಡು," ಎಂದು ಇಳಿದೇ ಹೋದ. ಅಂದೇ ದೂರದ ಶಾಖೆಗೆ ಅರ್ಜಿ ಹಾಕಿದ್ದಾನೆ, ಪುಣ್ಯಾತ್ಮ!

ಎರಡು ಮಹಡಿ ಒಂದೇ ಉಸಿರಿಗೆ ಹತ್ತಿ ಅವನ ಮೇಜಿನ ಮುಂದೆ ನಿಂತಳು. ಬೈಯಲು ಬಾಯಿ ತೆರೆದವಳ ಕಣ್ಣು ಸ್ಕ್ರೀನಿನ ಮೇಲೆ ಬಿತ್ತು. ಅಲ್ಲಿದ್ದದ್ದು ಅರ್ಜಿ ಹಿಂಪಡೆಯುವ ಪುಟ, ಅವಳೇ ಕಟ್ಟಿದ್ದು. ಪಕ್ಕದಲ್ಲಿ ಸಾಲುಸಾಲು ಕೆಂಪು: ಫೇಲ್, ಫೇಲ್, ಫೇಲ್.

"ಮಧ್ಯಾಹ್ನದಿಂದ ಓಡಿಸ್ತಿದ್ದೀನಿ," ಎಂದ ಅವನು, ಅವಳತ್ತ ತಿರುಗದೆ. "ಕೊನೇ ದಿನ ಅಂತ ಎಲ್ರೂ ಮುಗಿಬಿದ್ದಿದ್ದಾರೆ. ಕೈಯಾರೆ ಒತ್ತೋಣ ಅಂದ್ರೂ ಬಟನ್ನೇ ಸಿಗ್ತಿಲ್ಲ."

"ಯಾಕೆ ವಾಪಸ್ ತಗೋತಿದ್ದೀಯ? ನಾನೇನೂ ಹೇಳೇ ಇಲ್ವಲ್ಲ."

"ಹೇಳದೇ ಇದ್ರೂ ಪರವಾಗಿಲ್ಲ. ದಿನಾ ನಿನ್ ಹತ್ರ ಬೈಸ್ಕೊಳ್ದೆ ನಂಗಿರಕ್ಕಾಗಲ್ಲ."

ಅವಳು ಕುರ್ಚಿ ಎಳೆದು ಕೂತು ಸ್ಕ್ರಿಪ್ಟ್ ತೆರೆದಳು. ಅದೇ ಹಾಳು ಐದು ಸೆಕೆಂಡ್!

"ಮೊದಲು ಪಟ್ಟಿ ಬರುತ್ತೆ, ಆಮೇಲೆ ಬಟನ್. ಅದು ಬರೋ ಮುಂಚೆ ಪ್ರತಿ ಸಲ ನೀನೇ ಎದ್ದು ಹೋಗ್ತಿದ್ದೀಯ. ಸೆಕೆಂಡ್ ಎಣಿಸ್ಬೇಡ. ಬಟನ್ ಒತ್ತೋಕೆ ಬರೋವರೆಗೂ ಕಾಯಿ."

ಆ ಸಾಲು ಅಳಿಸಿ, ಹೊಸದು ಬರೆದು, ಓಡಿಸಿದಳು.

ಐದಕ್ಕೆ ಏಳು ನಿಮಿಷ. ಪುಟದ ನಡುವೆ ಚಕ್ರ ತಿರುಗತೊಡಗಿತು. ಐದಕ್ಕೆ ನಾಲ್ಕು. ತಡೆಯಲಾರದೆ ಅವನ ಕೈ ರಿಫ್ರೆಶ್ ಒತ್ತಲು ಹೋಯಿತು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬರದಿದ್ರೆ?"

"ಬರುತ್ತೆ." ಹೇಳಿದಳೇ ಹೊರತು ಅವಳಿಗೂ ನಂಬಿಕೆಯಿರಲಿಲ್ಲ. ನಾಳೆಯಿಂದ ಈ ಕುರ್ಚಿ ಖಾಲಿಯಾದರೆ ತಾನು ಯಾರ ಹತ್ತಿರ ಜಗಳವಾಡಲಿ?

ಐದಕ್ಕೆ ಎರಡು. ಬಟನ್ ಮೂಡಿತು, ಬೂದು ಬಣ್ಣದಲ್ಲಿ, ಇನ್ನೂ ಒತ್ತಲಾಗದಂತೆ. ಅವಳು ಕಣ್ಣು ಮಿಟುಕಿಸಲಿಲ್ಲ. ಬೂದು ಮೆಲ್ಲಗೆ ನೀಲಿಯಾಯಿತು. ಸ್ಕ್ರಿಪ್ಟ್ ತಾನೇ ಒತ್ತಿತು.

‘ಅರ್ಜಿ ಹಿಂಪಡೆಯಲಾಗಿದೆ.’

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಅವಳಿಗೆ ಅನ್ನಿಸಿತು.

"ಬಾ..." ಎಂದಳು. ತೊದಲು ಅಡ್ಡ ಬಂತು. "ಬಾ... ಬಾ..." ನಾಚಿಕೆಯಿಂದ ಕಣ್ಣು ತುಂಬಿದವು.

ಸೋಮವಾರದ ಮೌನ ಅವನಿಗೆ ಈಗ ಅರ್ಥವಾಯಿತೆಂದು ಅವನ ಮುಖ ನೋಡಿಯೇ ತಿಳಿಯಿತು. ಅವನು ಅವಳ ಮಾತನ್ನು ತಾನು ಮುಗಿಸಲು ಹೋಗಲಿಲ್ಲ. ಗಡಿಯಾರವನ್ನೂ ನೋಡಲಿಲ್ಲ. ಐದು ಹೊಡೆಯಿತು, ಒಬ್ಬೊಬ್ಬರೇ ಬ್ಯಾಗ್ ಹೆಗಲಿಗೇರಿಸಿ ಹೊರಟರು. ಅವಸರಪ್ಪ ಮಾತ್ರ ಹಿಡಿದ ಕೈ ಬಿಡದೆ ಕೂತೇ ಇದ್ದ.

"ಬಾಳ್ತೀನಿ," ಎಂದಳು ಕೊನೆಗೆ.