ನಾಲ್ಕು ಗಂಟೆಯ ಡ್ರಿಲ್

ಎದೆನೋವೇ ಇರಬಹುದಲ್ಲ? ನಲವತ್ತು ದಾಟಿದ ಆಳು, ಮಾರ್ಚ್ ತಿಂಗಳ ಬಿಸಿಲು, ಮೈಮೇಲೆ ಒಂದು ಗೀರೂ ಇಲ್ಲವಂತೆ. ಆದರೆ ಬರೀ ಎದೆನೋವಾದರೆ ಅವನ ಹೆಂಡತಿ ಹೆಣದ ಪಕ್ಕ ಕೂತು, ಎತ್ತಲು ಬಂದ ನೆಂಟರನ್ನೆಲ್ಲ ತಡೆದದ್ದೇಕೆ? ಹುಮನಾಬಾದ್ ಠಾಣೆಯ ಇನ್ಸ್‌ಪೆಕ್ಟರ್ ಗುರುಶಾಂತ ದೂರನ್ನು ಎರಡನೆಯ ಸಲ ಓದಿ ಮೇಜಿನ ಮೇಲೆ ಮಗುಚಿಟ್ಟ.

ಮಾರ್ಚ್ 6, ಬೆಳಿಗ್ಗೆ 9.30. ದೂರು ಬಂದದ್ದು ಬಸವಕಲ್ಯಾಣದಿಂದ. ಸತ್ತ ದೇವಿದಾಸನ ಮನೆ ಅಲ್ಲಿ. ಅವನು ಗುತ್ತಿಗೆ ಕೆಲಸಕ್ಕಿದ್ದ ಬಯೋಗ್ಯಾಸ್ ಕಂಪನಿ ಮಾತ್ರ ಹುಮನಾಬಾದ್ ಸರಹದ್ದಿನಲ್ಲಿ. ಬಸವಕಲ್ಯಾಣದ ಪೊಲೀಸರು, ಸರಹದ್ದು ಬೇರೆಯದಾದರೂ ದಾಖಲಿಸಬಹುದಾದ ಝೀರೋ ಎಫ್‌ಐಆರ್ ಮಾಡಿ ಇತ್ತ ಕಳಿಸಿ ಕೈತೊಳೆದುಕೊಂಡಿದ್ದರು.

"ಬಸವಕಲ್ಯಾಣದವ್ರು ಭಾಳ ಹುಷಾರ್ ಇದ್ದಾರ್ರಿ ಸರ್," ಎಂದ ಹೆಡ್ ಕಾನ್‌ಸ್ಟೆಬಲ್ ಜಹೀರುದ್ದೀನ್. "ಚಾ ಅವ್ರು ಕುಡೀತಾರ, ಬಿಲ್ ನಮ್ಮ ಹೆಸರಿಗೆ ಬರಸ್ತಾರ."

"ಜೀಪ್ ತೆಗೀರಿ," ಎಂದ ಗುರುಶಾಂತ.

ಬಸವಕಲ್ಯಾಣದ ಆಸ್ಪತ್ರೆಯ ಶವಾಗಾರದಲ್ಲಿ ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಗಾಯವಿಲ್ಲ, ಸುಟ್ಟ ಗುರುತಿಲ್ಲ. ಬಲಗೈಯ ಬೆರಳಲ್ಲಿ ಒಂದು ಉಂಗುರ. ಜಹೀರುದ್ದೀನ್ 'ಕಬ್ಬಿಣದ ಉಂಗುರ' ಎಂದು ಬರೆಯುತ್ತಿದ್ದಾಗ ಬಾಗಿಲ ಬಳಿ ನಿಂತಿದ್ದ ದೇವಿದಾಸನ ಹೆಂಡತಿ ಸೋನುಬಾಯಿ ಅಂದಳು:

"ಬೆಳ್ಳೀದ್ರಿ ಅದು."

"ಕರ್ರಗ ಅದಲ್ಲ ತಾಯಿ?"

"ಮುಂಜಾನಿ ಮನಿ ಬಿಟ್ಟಾಗ ಬೆಳ್ಳಗ ಇತ್ರಿ."

ಗುರುಶಾಂತ ಆ ಮಾತನ್ನೂ ಬರೆಸಿದ. ಅದರ ಅರ್ಥವೇನೆಂದು ಅವನಿಗೂ ತಿಳಿಯಲಿಲ್ಲ.

ಹೊರಗೆ ಬೇವಿನ ನೆರಳಲ್ಲಿ ಅವಳ ಹೇಳಿಕೆ ಪಡೆದ.

"ಕಂಪನಿಯವ್ರು ಏನಂದ್ರು?"

"ಕುಡದು ಡ್ಯೂಟಿಗಿ ಬಂದಿದ್ದ, ಎದಿ ಹಿಡಕೊಂಡು ಬಿದ್ದ, ಜೀಪಿನಾಗ ದಾರ್ಯಾಗ ಜೀವ ಹೋಯ್ತು ಅಂದ್ರು. ನಮ್ಮ ಮನಿಯವ್ರು ಬುದ್ಧನ ದೀಕ್ಷಾ ತಗೊಂಡಾಗಿಂದ ಶೆರೆ ಮುಟ್ಟಿಲ್ರಿ ಸಾಹೇಬ್ರೆ. ಓಣಿ ತುಂಬ ಈಗ ಅದೇ ಮಾತು ಹಬ್ಬ್ಯಾದ. ನನ್ನ ಮಗಳು ವಿಶಾಖಾ ಸಾಲಿಗಿ ಹೋಗಲ್ಲ ಅಂತ ಕುಂತಾಳ. ನಂಗ ಬ್ಯಾರೆ ಏನೂ ಬ್ಯಾಡ. ಕುಡದು ಸತ್ತ ಅನ್ನೋ ಮಾತು ಅಳಸ್ರಿ."

ಮಧ್ಯಾಹ್ನ ಕಂಪನಿಗೆ ಹೋದರು. ಸಕ್ಕರೆ ಕಾರ್ಖಾನೆಗಳಿಂದ ಬರುವ ಕಬ್ಬಿನ ರಾಡಿಯನ್ನು ಕೊಳೆಸಿ ಗ್ಯಾಸ್ ತೆಗೆಯುವ ಘಟಕ ಅದು. ಗೇಟಿನಲ್ಲೇ ಕೊಳೆತ ತತ್ತಿಯ ನಾತ. ನಾತದ ಪಕ್ಕದಲ್ಲೇ ದೊಡ್ಡ ಫಲಕ: 'ಸುರಕ್ಷತೆಯೇ ನಮ್ಮ ಸಂಸ್ಕಾರ. ಅಪಘಾತ: ಸೊನ್ನೆ'. ಸುರಕ್ಷತಾ ಸಪ್ತಾಹದ ಚೆಂಡುಹೂವಿನ ಮಾಲೆ ಅದರ ಮೇಲೆ ಬಾಡುತ್ತಿತ್ತು.

ಮ್ಯಾನೇಜರ್ ವೈಜನಾಥ ತಂಪು ಮಜ್ಜಿಗೆ ತರಿಸಿದ. ಅವನ ಹಿಂದೆ ಸುರಕ್ಷತಾ ಅಧಿಕಾರಿ ಶರಣಕುಮಾರ ಕೈಕಟ್ಟಿ ನಿಂತಿದ್ದ. ಮೂವತ್ತರ ಆಸುಪಾಸಿನ ಹುಡುಗ, ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದ.

"ಪಾಪ, ಒಳ್ಳೆ ಮನುಷ್ಯ ಇದ್ದ," ಎಂದ ವೈಜನಾಥ. "ಆದ್ರ ನಮ್ಮ ಕಡಿಂದ ಏನೂ ಕಮ್ಮಿ ಆಗಿಲ್ಲ ನೋಡ್ರಿ. ನಿನ್ನೇನ ಇಲ್ಲಿ ಡ್ರಿಲ್ ಮಾಡೇವಿ. ಗ್ಯಾಸ್ ಸೋರಿ ಯಾರರ ಬಿದ್ರ ಹ್ಯಾಂಗ ಉಳಸಬೇಕು ಅಂತ. ಬಿದ್ದವನ ಪಾರ್ಟ್ ಪ್ರತೀ ಸರ್ತಿ ದೇವಿದಾಸಂದೇ. ಭೀಮಜಯಂತಿ ನಾಟಕದಾಗೂ ಸಾಯೋ ಪಾರ್ಟ್ ಅವಂಗೇ ಕೊಡ್ತಿದ್ರಂತ. ನಾನು ಬೀದರ್ ಮೀಟಿಂಗಿಗಿ ಹೋಗಿದ್ದೆ, ವಿಡಿಯೋ ಬಂದದ. ಹೆಡ್ ಆಫೀಸಿಗೂ ಕಳಿಸೇವಿ. ಶಾಬಾಸ್ ಅಂದಾರ."

"ಸರ್, ಅದು ಈಗ ಯಾಕ—" ಎಂದ ಶರಣಕುಮಾರ.

"ತೋರಸ್ರಿ," ಎಂದ ಗುರುಶಾಂತ.

ವಿಡಿಯೋದಲ್ಲಿ ಅಂಗಳ. ಸೈರನ್ ಕೂಗುತ್ತಿತ್ತು. ಆಳುಗಳು ಸಾಲಾಗಿ ಬಂದು ಗೆರೆಯ ಮೇಲೆ ನಿಂತರು. ನಡುವೆ ದೇವಿದಾಸ ಮಗ್ಗುಲಾಗಿ ಬಿದ್ದಿದ್ದ. ಜನ ನಗುತ್ತಿದ್ದರು. ಸ್ಟ್ರೆಚರ್ ಬಂತು, ಎತ್ತಿದರು, ಚಪ್ಪಾಳೆ.

"ಡ್ರಿಲ್ ಎಷ್ಟಕ್ಕಿತ್ತು?"

"ನಾಲ್ಕಕ್ಕ," ಎಂದ ವೈಜನಾಥ.

ಗುರುಶಾಂತ ಪರದೆಯನ್ನು ಜಹೀರುದ್ದೀನ್‌ನ ಕಡೆ ತಿರುಗಿಸಿದ. ನಿಂತ ಆಳುಗಳ ನೆರಳು ಅವರ ಕಾಲಬುಡದಲ್ಲೇ ಮುದುಡಿಕೊಂಡಿತ್ತು.

"ಇದು ನಟ್ಟನಡು ಮಧ್ಯಾಹ್ನ ಅಲ್ಲೇನ್ರಿ?" ಎಂದ ಜಹೀರುದ್ದೀನ್.

"ನಾಲ್ಕರ ಬದ್ಲಿ ಮಧ್ಯಾಹ್ನಾನೇ ಮಾಡಿದ್ವಿ," ಎಂದ ಶರಣಕುಮಾರ.

ವಿಡಿಯೋ ತೆಗೆದಿದ್ದ ಅವನ ಫೋನನ್ನು ಪಂಚರ ಎದುರು ಜಪ್ತಿ ಮಾಡಿದರು. ಆಮೇಲಿನ ಎರಡು ದಿನ ಗೋಡೆಗೆ ತಲೆ ಚಚ್ಚಿದಂತಾಯಿತು. ಆಳುಗಳನ್ನು ಒಬ್ಬೊಬ್ಬರನ್ನೇ ಕರೆದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ನಮಗ ಗೊತ್ತಿಲ್ರಿ, ಡ್ರಿಲ್ ಅಂದ್ರು, ನಿಂತ್ವಿ." ಕಾರ್ಖಾನೆ ಇಲಾಖೆಗೆ ಫೋನ್ ಮಾಡಿದರೆ ಸಾಹೇಬರು ಸಪ್ತಾಹದ ಸಮಾರಂಭದಲ್ಲಿದ್ದಾರೆ ಎಂಬ ಉತ್ತರ. ರಕ್ತದ ಮಾದರಿ ಕಲಬುರಗಿಯ ಪ್ರಯೋಗಾಲಯಕ್ಕೆ ಹೋಗಿ ಸರದಿಯಲ್ಲಿ ಕೂತಿತು. ಮೇಲಿನವರ ಫೋನ್ ಮಾತ್ರ ತಪ್ಪದೆ ಬಂತು: "ಸಹಜ ಸಾವು ಇದ್ರ ಜಲ್ದಿ ಮುಗಸ್ರಿ, ಯಾಕ ಜಗ್ಗಾಕತ್ತೀರಿ?"

ಜಗ್ಗುತ್ತಿದ್ದವನು ತಾನಲ್ಲ ಎಂಬ ಮಾತು ಗುರುಶಾಂತನ ನಾಲಿಗೆಯವರೆಗೆ ಬಂದಿತ್ತು. "ಆಯ್ತು ಸರ್," ಅಂದ.

ಶವಪರೀಕ್ಷೆ ಮಾಡಿದ ಡಾಕ್ಟರ್ ಮನೀಷಾ ಉಂಗುರವನ್ನು ಬೆಳಕಿಗೆ ಹಿಡಿದು ನೋಡಿದರು. "ಕೊಳೆತ ರಾಡಿಯಿಂದ ಏಳೋ ವಿಷಗಾಳಿ ಬೆಳ್ಳಿನ ಹಿಂಗ ಕಪ್ಪು ಮಾಡ್ತದ. ಶ್ವಾಸಕೋಶದಾಗ ನೀರು ತುಂಬ್ಯಾದ. ಹೊಟ್ಟ್ಯಾಗ ಶೆರೆ ವಾಸನಿ ಇಲ್ಲ. ಆದ್ರ ಕಾಗದದ ಮ್ಯಾಲ ಬರೀಬೇಕಂದ್ರ ಕಲಬುರಗಿ ರಿಪೋರ್ಟ್ ಬರಬೇಕು."

ಅಂದರೆ ಗ್ಯಾಸಿನಿಂದ ಸತ್ತ. ಆದರೆ ಡ್ರಿಲ್‌ನಲ್ಲಿ ಬಿದ್ದವನು ಎದ್ದು, ಆಮೇಲೆ ರಾಡಿ ಕೊಳೆಸುವ ಗುಂಡಿಗಿಳಿದು ಸತ್ತ ಎಂದು ಕಂಪನಿಯ ವಕೀಲ ವಾದಿಸಿದರೆ? ಗುರುಶಾಂತ ವಿಡಿಯೋದ ಒಂದೇ ಒಂದು ಚಿತ್ರವನ್ನು ಅಚ್ಚು ಹಾಕಿಸಿ ಮತ್ತೆ ಬಸವಕಲ್ಯಾಣಕ್ಕೆ ಹೋದ.

ಸೋನುಬಾಯಿ ಚಿತ್ರವನ್ನು ಬಹಳ ಹೊತ್ತು ಮಡಿಲಲ್ಲಿಟ್ಟುಕೊಂಡಿದ್ದಳು.

"ಇದು ಡ್ರಿಲ್ ಅಲ್ರಿ," ಅಂದಳು. "ಡ್ರಿಲ್ ಇದ್ದಾಗ ಮೈಮ್ಯಾಲ ಕೆಂಪು ಬಣ್ಣ ಸುರೀತಾರ, ರಕ್ತ ಕಾಣ್ಲಿ ಅಂತ. ಎಷ್ಟು ತಿಕ್ಕಿದ್ರೂ ಹೋಗಲ್ಲ. ಅದಕ್ಕ ಅವತ್ತ ಹರಕ ಅಂಗಿ ಚೀಲದಾಗ ಹಾಕಿ ಕೊಟ್ಟಿದ್ದೆ, ನಾಲ್ಕಕ್ಕ ಹಾಕ್ಕೋರಿ ಅಂತ. ಇದು ನೀಲಿ ಅಂಗಿ. ಹೊಸಾದು. ಇದನ್ನ ಹಾಕ್ಕೊಂಡು ಅವ್ರು ನೆಲಕ್ಕ ಬೀಳಂಗಿಲ್ಲ." ಚಿತ್ರವನ್ನು ಮರಳಿ ಕೊಡುತ್ತ ಕೇಳಿದಳು: "ಫೋಟೋ ಇಷ್ಟೇ ಏನ್ರಿ ಇರೋದು?"

"ಇಷ್ಟೇ," ಎಂದ ಗುರುಶಾಂತ.

ದೇವಿದಾಸನ ಚೀಲ ಕಂಪನಿಯ ಗೋಡೆಯ ಮೊಳೆಗೆ ಇನ್ನೂ ನೇತಾಡುತ್ತಿತ್ತು. ಹರಕು ಅಂಗಿ ಮಡಚಿಟ್ಟಂತೆಯೇ ಇತ್ತು, ಒಂದು ಹನಿ ಹೊಸ ಬಣ್ಣವಿಲ್ಲದೆ. ಅದನ್ನು ಎತ್ತಿ ತೋರಿಸಿದಾಗ ಅವತ್ತು ಸೈರನ್ ಒತ್ತಿದ್ದ ಆಳು ವಸೀಮ್ ಗೋಡೆಗೊರಗಿ ಕೂತುಬಿಟ್ಟ.

"ಗುಂಡ್ಯಾಗಿನ ಪಂಪ್ ಕಟ್ಟಿತ್ತು, ಅವ ಬಿಡಸಾಕ ಇಳದಿದ್ದ ಸಾಬ್. ಮ್ಯಾಲ ಬಂದು ನಾಕ್ ಹೆಜ್ಜಿ ನಡದು ಬಿದ್ದ. ನಾ ಖರೇನ ಅಂತ ಸೈರನ್ ಒತ್ತಿದೆ. ಎಲ್ರೂ ಓಡಿ ಬಂದ್ರು. ಶರಣಕುಮಾರ್ ಸರ್ ಬಂದು ಫೋನ್ ತಗದು, ಡ್ರಿಲ್ ಚಾಲೂ ಆಗ್ಯಾದ, ಎಲ್ರೂ ಲೈನಿಗಿ ನಿಲ್ರಿ ಅಂದ್ರು. ನಾನೂ ಹೋಗಿ ನಿಂತೆ ಸಾಬ್. ದೇವ್ಯಾ ನಾಟಕ ಮಾಡಿ ನನಗೂ ಚಕಮಾ ಕೊಟ್ಟ ಅಂತ ತಿಳದೆ."

ಮಾರ್ಚ್ 9ರಂದು ಶರಣಕುಮಾರನನ್ನು ಠಾಣೆಗೆ ಕರೆತಂದರು.

"ನೋಡಿದ ಕೂಡ್ಲೆ ಖರೇನ ಬಿದ್ದಾನಂತ ಗೊತ್ತಾಯ್ತೇನು?"

"ಹೌದ್ರಿ."

"ದವಾಖಾನಿ ಹತ್ತು ನಿಮಿಷದ ದಾರಿ. ಯಾಕ ಒಯ್ಯಲಿಲ್ಲ?"

"ಅಲ್ಲಿ ಒಯ್ದ್ರ ಪೊಲೀಸ್ ಕೇಸ್ ಆಗ್ತದ. ನಮ್ಮ ಫಸ್ಟ್ ಏಡ್ ರೂಮಿನಾಗ ಆಕ್ಸಿಜನ್ ಕೊಟ್ರ ಎಚ್ಚರ ಆಗ್ತಾನ ಅನ್ಕೊಂಡೆ. ಸಿಲಿಂಡರ್ ಖಾಲಿ ಇತ್ತು."

"ಗುಂಡಿ ಗಾಳಿ ಅಳೆಯೋ ಮೀಟರ್?"

"ಕೆಟ್ಟು ವರ್ಷ ಆಯ್ತು. ಕೇಳಿ ಕೇಳಿ ಸಾಕಾಗಿ ಬಿಟ್ಟೆ."

"ವಿಡಿಯೋದಾಗ ಅವ ಕೈ ಎತ್ತಿದ. ನೋಡಿದ್ಯಾ?"

ವಿಡಿಯೋದ ಆ ಭಾಗ ಗುರುಶಾಂತನಿಗೆ ಕಂಠಪಾಠವಾಗಿತ್ತು. ದೇವಿದಾಸನ ಬಲಗೈ ನೆಲದಿಂದ ಒಂದು ಗೇಣು ಮೇಲೆದ್ದು, ಯಾರನ್ನೋ ಕರೆಯುವಂತೆ ಬೆರಳು ಆಡಿಸುತ್ತದೆ. ಯಾರೋ, "ವಾಹ್ ದೇವ್ಯಾ, ಏನ್ ಆ್ಯಕ್ಟಿಂಗ್ ಲೇ," ಅನ್ನುತ್ತಾನೆ. ಚಪ್ಪಾಳೆ ಬೀಳುತ್ತದೆ.

"ನೋಡಿದೆ ರೀ," ಎಂದ ಶರಣಕುಮಾರ. "ಅಷ್ಟೂ ಮಂದಿ ನಗಾಕತ್ತಿದ್ರು. ಖರೆ ಅಂತ ಹೇಳಾಕ ಬಾಯಿ ಬರ್ಲಿಲ್ಲ."

ಸಂಜೆ 5.40ಕ್ಕೆ ಬಂಧನ ಮೆಮೊಗೆ ಸಹಿ ಹಾಕಿಸಿದರು. ವೈಜನಾಥನ ಹೆಸರನ್ನೂ ಎಫ್‌ಐಆರ್‌ಗೆ ಸೇರಿಸಿದರೂ ಅವನು ಅಷ್ಟರಲ್ಲಿ ನಿರೀಕ್ಷಣಾ ಜಾಮೀನಿಗೆ ಓಡಾಡುತ್ತಿದ್ದ. ಹೆಡ್ ಆಫೀಸಿನಿಂದ ಒಂದು ಸಾಲಿನ ಉತ್ತರ ಬಂತು: ನಮ್ಮ ದಾಖಲೆ ಪ್ರಕಾರ ಅಪಘಾತ ನಡೆದಿಲ್ಲ.

ಶರಣಕುಮಾರನ ಹಿನ್ನೆಲೆ ವಿಚಾರಿಸಿದಾಗ ತಿಳಿದದ್ದು ಇಷ್ಟು. ಎರಡು ವರ್ಷದ ಹಿಂದೆ ಇದೇ ಕಂಪನಿಯ ಇನ್ನೊಂದು ಘಟಕದಲ್ಲಿ ಒಬ್ಬನ ಬೆರಳು ಕತ್ತರಿಸಿ ಹೋದಾಗ ಅವನು ಇದ್ದದ್ದನ್ನು ಇದ್ದಂತೆ ವರದಿ ಮಾಡಿದ್ದ. ಅಪಘಾತದ ಸೊನ್ನೆ ಕೆಟ್ಟಿತೆಂದು ಆ ಘಟಕದ ದೀಪಾವಳಿ ಊಟ, ಉಡುಗೊರೆ ಎಲ್ಲ ರದ್ದಾದವು. ಅಧಿಕಾರಿಗಳು ಬೈದರು. ಆಳುಗಳು, ಬೆರಳು ಹೋದವನೂ ಸೇರಿ, ಅವನೊಡನೆ ಮಾತು ಬಿಟ್ಟರು. ಕೊನೆಗೆ ಎತ್ತಂಗಡಿಯಾಗಿ ಇಲ್ಲಿಗೆ ಬಂದ. ಆ ವರದಿಗಾಗಿ ಅವನನ್ನು ಯಾರೂ ಮೆಚ್ಚಿರಲಿಲ್ಲ. ಡ್ರಿಲ್ ವಿಡಿಯೋಗೆ ಶಾಬಾಸ್ ಸಿಕ್ಕಿತ್ತು.

ಕಲಬುರಗಿಯ ವರದಿ ಮೇ ತಿಂಗಳಲ್ಲಿ ಬಂತು. ರಕ್ತದಲ್ಲಿ ವಿಷಗಾಳಿಯ ಗುರುತಿದೆ, ಮದ್ಯದ ಅಂಶವಿಲ್ಲ. ಅದರ ಪ್ರತಿ ಒಯ್ಯಲು ಸೋನುಬಾಯಿ ವಿಶಾಖಾಳನ್ನು ಕರೆದುಕೊಂಡು ಠಾಣೆಗೆ ಬಂದಳು. ಆ ಸಾಲನ್ನು ಮಗಳ ಕೈಯಲ್ಲಿ ಎರಡು ಸಲ ಓದಿಸಿ ಕೇಳಿ, ಕಾಗದ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಸಾಹೇಬ್ರೆ, ಬಿದ್ದ ಮ್ಯಾಲ ಅವ್ರಿಗಿ ಎಚ್ಚರ ಇತ್ತೇನ್ರಿ? ಯಾರನ್ನರ ಕರದ್ರೇನ್ರಿ?"

"ಆ ಗಾಳಿ ಕುಡದ್ರ ಒಮ್ಮೆಲೆ ಎಚ್ಚರ ತಪ್ಪತದಂತ ಡಾಕ್ಟರ್ ಹೇಳ್ಯಾರ ತಾಯಿ."

ಅವಳು ತಲೆಯಾಡಿಸಿ ಮೆಟ್ಟಿಲಿಳಿದಳು. ಜಹೀರುದ್ದೀನ್ ಫೈಲಿನಿಂದ ತಲೆಯೆತ್ತಲಿಲ್ಲ.

ದೇವಿದಾಸ ಕೈ ಎತ್ತಿದ್ದ, ಅದನ್ನು ಕಂಡು ಜನ ಚಪ್ಪಾಳೆ ತಟ್ಟಿದ್ದರು ಎಂಬುದನ್ನು ಗುರುಶಾಂತ ಅವಳಿಗೆ ಹೇಳಲೇ ಇಲ್ಲ.